ಮನೆಯ ಕೆಳಗಿನ ಬೆಳಕು

ಜೂನ್ 29, ಆದಿತ್ಯವಾರ

ಮನೆ ಇವತ್ತು ಲಾರಿಯಲ್ಲಿ ಬಂತು.

ಬೈಲೂರಿನ ಶೆಡ್ಡಿನಿಂದ ಬೆಳಿಗ್ಗೆ ಹೊರಟದ್ದು ಮೂಡುಬೆಳ್ಳೆ ದಾಟಿ ಶಂಕರಪುರಕ್ಕೆ ಬರುವಾಗ ಇಗರ್ಜಿಯಲ್ಲಿ ಕ್ರೈಸ್ತರ ಪೂಜೆ ಬಿಡುವ ಹೊತ್ತು. ಹೊರಗೆ ಬಂದವರೆಲ್ಲ ದಿಬ್ಬಣಕ್ಕೆ ದಾರಿ ಬಿಡುವಂತೆ ಬದಿಗೆ ನಿಂತರು. ಲಾರಿಯ ಮೇಲೆ ಒಂದು ಬಾಗಿಲು, ಎರಡು ಕಿಟಕಿ, ಕಿಟಕಿಗಳಿಗೆ ಹೂವಿನ ಪರದೆ. ಪರದೆಯನ್ನು ಅಕ್ಕ ಮೊನ್ನೆಯೇ ಶೆಡ್ಡಿಗೆ ಹೋಗಿ ಹಾಕಿ ಬಂದಿದ್ದಳಂತೆ. ನಾನು ಬೈಕಿನಲ್ಲಿ ಹಿಂದೆ ಇದ್ದೆ. ಒಂದು ಮನೆಯ ಹಿಂದೆ ಅದರದೇ ವೇಗದಲ್ಲಿ ಹೋಗುವಾಗ ಕಿಟಕಿಯೊಳಗಿನ ಕತ್ತಲೆಯೂ ನಮ್ಮೊಂದಿಗೆ ಪ್ರಯಾಣ ಮಾಡುತ್ತದೆ.

ಇನ್ನಂಜೆಯ ಜಾಗದಲ್ಲಿ ಕ್ರೇನ್ ಕಾಯುತ್ತಿತ್ತು. ಮನೆ ಕಟ್ಟಿದ ಇಮ್ತಿಯಾಝ್ ಮುಂದೆ ನಿಂತು ಕೈಸನ್ನೆ ಮಾಡುತ್ತಿದ್ದ. ದುಬೈಯಲ್ಲಿ ಕೆಲಸಗಾರರ ಕ್ಯಾಂಪುಗಳಿಗೆ ಇಂಥ ಉಕ್ಕಿನ ಕೋಣೆಗಳನ್ನು ಮಾಡುತ್ತಿದ್ದವನು, ಈಗ ಊರಿಗೆ ಬಂದು ಅದನ್ನೇ ಸ್ವಲ್ಪ ಚಂದ ಮಾಡಿ ಮನೆ ಎಂದು ಮಾರುತ್ತಾನೆ. ಮಾಡಿನ ನಾಲ್ಕು ಮೂಲೆಯ ಕೊಕ್ಕೆಗಳಿಗೆ ಸರಪಳಿ ಸಿಕ್ಕಿಸಿ ಎತ್ತಿದಾಗ ಮನೆ ಒಂದು ಗಳಿಗೆ ಗಾಳಿಯಲ್ಲಿ ನಿಂತಿತು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ಅದು ಅಲ್ಲಿಯೇ ಇದ್ದರೂ ಆಗಬಹುದು ಅನ್ನಿಸಿತು.

ಈ ಪುಸ್ತಕದಲ್ಲಿ ಬರೆಯದೆ ಬಹಳ ಸಮಯವಾಗಿದೆ. ಆದ್ದರಿಂದ ಹಿಂದಿನದನ್ನು ಸ್ವಲ್ಪ ಬರೆದಿಡುತ್ತೇನೆ. ವಿನೋದಕ್ಕ ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ಬಂದವಳು. ಮದುವೆಯಾಗಲಿಲ್ಲ. ಈಗ ಕಾಪುವಿನ ಒಂದು ಕ್ಲಿನಿಕ್ಕಿನಲ್ಲಿ ಕೆಲಸ, ಅಂಬಲಪಾಡಿಯಲ್ಲಿ ಮಹಡಿಯ ಮೇಲೊಂದು ಬಾಡಿಗೆ ಕೋಣೆ. ಆ ಕೋಣೆಯ ಯಜಮಾನರ ಮಗನಿಗೆ ಮದುವೆ ನಿಶ್ಚಯವಾಗಿ ಕೋಣೆ ಬಿಡಬೇಕಾಯಿತು. ಇನ್ನೊಬ್ಬರ ಗೋಡೆಗೆ ಮೊಳೆ ಹೊಡೆಯಲು ಅನುಮತಿ ಕೇಳಿ ಸಾಕಾಯಿತು ಎಂದಳು. ಅರ್ಧ ಅವಳ ಉಳಿತಾಯ, ಅರ್ಧ ಬ್ಯಾಂಕಿನ ಸಾಲ. ಜಾಗ ನನ್ನದು.

ನನ್ನದು ಎಂದರೆ, ಕುಟುಂಬದ ಹಳೆಯ ಮನೆ ಮಾರಿಹೋದಾಗ ಅದರ ಹಿಂದಿನ ಹಿತ್ತಲು ನನ್ನ ಪಾಲಿಗೆ ಉಳಿಯಿತು. ಅಕ್ಕ ತನಗೆ ಬೇಡವೆಂದು ಮಸ್ಕತ್ತಿನಿಂದಲೇ ಬರೆದುಕೊಟ್ಟಿದ್ದಳು. ನಾನು ಅಲ್ಲಿ ಏನನ್ನೂ ಕಟ್ಟಲಿಲ್ಲ, ನೆಡಲಿಲ್ಲ. ಮಣಿಪಾಲದ ಬಾಡಿಗೆ ಫ್ಲ್ಯಾಟಿನಿಂದ ಕೆಲವು ಆದಿತ್ಯವಾರ ಬಂದು ಸುಮ್ಮನೆ ನಿಂತು ಹೋಗುತ್ತಿದ್ದೆ. ಪ್ರೆಸ್ಸಿನಲ್ಲಿ ನನ್ನ ಕೆಲಸ ಪುಟ ಜೋಡಿಸುವುದು. ಎಲ್ಲಿ ಎಷ್ಟು ಬಿಳಿ ಬಿಡಬೇಕೆಂದು ನೋಡುವುದು. ಈ ಹಿತ್ತಲು ನಾನು ಬಿಟ್ಟ ಬಿಳಿಗಳಲ್ಲಿ ದೊಡ್ಡದು.

ಅಕ್ಕ ಕೇಳಿದಾಗ ನಾನು ಹೇಳಿದ್ದು ಒಂದೇ: ಇಡು, ಆದರೆ ಬೇಕಾದಾಗ ಎತ್ತಿಕೊಂಡು ಹೋಗಲು ಬರುವಂತೆ ಇರಲಿ. ಅವಳು ತಕ್ಷಣ ಒಪ್ಪಿದಳು. ಅದಕ್ಕೆ ಪಾಯ ಹಾಕಿಲ್ಲ. ಎಂಟು ಸಿಮೆಂಟಿನ ಬ್ಲಾಕುಗಳ ಮೇಲೆ ಮನೆ ಕೂತಿದೆ. ಕೊಕ್ಕೆಗಳನ್ನೂ ಹಾಗೆಯೇ ಬಿಡಬೇಕೆಂದು ಇಮ್ತಿಯಾಝನಿಗೆ ನಾನೇ ಹೇಳಿದೆ.

ಎಲ್ಲರೂ ಹೋದ ಮೇಲೆ ಮೊಣಕಾಲೂರಿ ನೋಡಿದೆ. ಮನೆಯ ಕೆಳಗೆ ಒಂದು ಗೇಣು ಬೆಳಕು. ಆಚೆ ಬದಿಯ ಹುಲ್ಲು ಕಾಣುತ್ತದೆ. ಜಾಗ ಇನ್ನೂ ಖಾಲಿಯೇ ಇದೆ.

ಜುಲೈ 5, ಶನಿವಾರ

ಅಕ್ಕನ ಫೋನು. ಬರುವ ಶುಕ್ರವಾರ ಹಾಲುಕ್ಕಿಸುವುದಂತೆ. ಬ್ಯಾಂಕಿನ ಎಂಜಿನಿಯರ್ ಇನ್ನೂ ಬಂದು ನೋಡಿಲ್ಲ, ಸ್ವಲ್ಪ ತಡೆಯಬಾರದೇ ಎಂದೆ. ತಡೆದರೆ ಆಟಿ ಬಂತು ಎಂದಳು. ಆಟಿ ತಿಂಗಳಲ್ಲಿ ನಮ್ಮವರು ಮನೆ ಹೊಗುವುದಿಲ್ಲ, ಮದುವೆ ಮಾಡುವುದಿಲ್ಲ, ಹೊಸತಾಗಿ ಏನನ್ನೂ ಸುರು ಮಾಡುವುದಿಲ್ಲ. ಆಟಿ ಮುಗಿಯುವವರೆಗೆ ಅಂಬಲಪಾಡಿಯವರು ಕಾಯುವುದಿಲ್ಲ.

“ಬ್ಯಾಂಕಿಗೆ ಆಟಿ ಇಲ್ಲ ಮಾರಾಯ,” ಎಂದಳು. “ನನಗೆ ಉಂಟು.”

ಅವಳ ಈ ತರ್ಕಕ್ಕೆ ಉತ್ತರ ಹುಡುಕುವುದನ್ನು ನಾನು ಹೈಸ್ಕೂಲಿನಲ್ಲೇ ಬಿಟ್ಟಿದ್ದೇನೆ.

ಜುಲೈ 11, ಶುಕ್ರವಾರ

ಹಾಲು ಪೂರ್ವಕ್ಕೆ ಉಕ್ಕಿತು. ಉಕ್ಕುವಾಗ ಪಾತ್ರೆಯನ್ನು ಅಕ್ಕ ಸ್ವಲ್ಪ ಆ ಕಡೆಗೆ ಓರೆ ಮಾಡಿದ್ದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅವಳು ನೋಡಿದಳು.

ಬೇಲಿಯಾಚೆಯ ವಿಲ್ಮಾಬಾಯಿ ತಮ್ಮ ಗಿಡದ ಮಲ್ಲಿಗೆ ತಂದರು. ಇನ್ನೊಂದು ವಾರದಲ್ಲಿ ಆಟಿ, ಮದುವೆ ಮುಂಜಿ ಇಲ್ಲ, ಮಲ್ಲಿಗೆಯನ್ನು ಕೇಳುವವರಿಲ್ಲ, ಆದ್ದರಿಂದ ಎಷ್ಟು ಬೇಕಾದರೂ ಮುಡಿದುಕೊಳ್ಳಿ ಎಂದರು. ಇಮ್ತಿಯಾಝ್ ಒಂದು ಗೋಡೆ ಗಡಿಯಾರ ಕೊಟ್ಟ. ಅದಕ್ಕೆ ಮೊಳೆ ಹೊಡೆಯಲು ಹೋಗಿ ಅಕ್ಕ ನಿಂತಳು. ಉಕ್ಕಿನ ಗೋಡೆಗೆ ಮೊಳೆ ಇಳಿಯುವುದಿಲ್ಲ. ಅವಳ ಮುಖ ನೋಡಿ ಇಮ್ತಿಯಾಝ್ ಡ್ರಿಲ್ ತರಲು ಕಾರಿಗೆ ಓಡಿದ.

ಸಂಜೆಯೇ ಅಂಬಲಪಾಡಿಯ ಕೋಣೆಯ ಕೀಲಿಕೈ ಕೊಟ್ಟು ಬಂದಳು. ಹಾಲುಕ್ಕಿಸಿದ ಮೇಲೆ ಮನೆಯಲ್ಲಿ ಒಂದು ಸಂಜೆಯೂ ದೀಪ ತಪ್ಪಬಾರದು ಎಂಬುದು ಅಮ್ಮನ ಮಾತು. ಅಮ್ಮ ಹೇಳಿದ್ದರಲ್ಲಿ ಅಕ್ಕ ಪಾಲಿಸುವುದು ಬಹುಶಃ ಅದೊಂದನ್ನೇ.

ಜುಲೈ 15, ಮಂಗಳವಾರ

ಬ್ಯಾಂಕಿನ ಪರವಾಗಿ ಮನೆ ನೋಡಲು ಬಂದದ್ದು ಜೆನಿಫರ್ ಎಂಬ ಎಂಜಿನಿಯರ್. ಸಣ್ಣ ವಯಸ್ಸು, ಮಳೆಗೆ ಗಂಬೂಟು. ಒಳಗೆ ಬಂದು ಅಕ್ಕ ಕೊಟ್ಟ ಚಹಾ ಕುಡಿದಳು, ಅಡುಗೆಮನೆ ಚಂದ ಉಂಟು ಎಂದಳು. ಆಮೇಲೆ ಹೊರಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ತನ್ನ ಉದ್ದದ ಕೊಡೆಯನ್ನು ಮನೆಯ ಕೆಳಗೆ ದೂಡಿದಳು. ಎದ್ದು ಸುತ್ತು ಬಂದು, ಆಚೆ ಬದಿಯಿಂದ ಬಗ್ಗಿ, ಅದನ್ನು ಎಳೆದುಕೊಂಡಳು.

“ಆಂಟಿ, ಇದು ಈಗ ಮನೆ ಅಲ್ಲ. ಸಾಮಾನು.”

“ನಾನು ಹಾಲುಕ್ಕಿಸಿದ್ದೇನೆ ಮಗಳೇ.”

“ಹಾಲು ಉಕ್ಕಿದ್ದು ಸರಿಯೇ. ಕೊಡೆ ಆಚೆ ಬಂತಲ್ಲ?”

ಅವಳು ವಿವರಿಸಿದ್ದನ್ನು ಹೀಗೆ ಹೇಳಬಹುದು. ಎತ್ತಿಕೊಂಡು ಹೋಗಲು ಬರುವುದಕ್ಕೆ ಈ ಬ್ಯಾಂಕು ಮನೆ ಸಾಲ ಕೊಡುವುದಿಲ್ಲ. ಕಂಬಗಳು ಗಟ್ಟಿ ನೆಲದವರೆಗೆ ಇಳಿಯಬೇಕು. ಉಕ್ಕಿನ ಚೌಕಟ್ಟು ಬೋಲ್ಟುಗಳಿಂದ ಕಾಂಕ್ರೀಟಿಗೆ ಬಿಗಿಯಾಗಬೇಕು. ಸುತ್ತ ಕೆಂಪುಕಲ್ಲು ಕಟ್ಟಿ ಕೆಳಗಿನ ಜಾಗ ಮುಚ್ಚಬೇಕು. ಮಾಡಿನ ಕೊಕ್ಕೆಗಳನ್ನು ಕತ್ತರಿಸಬೇಕು. ಇದರ ಜೊತೆಗೆ ಜಾಗವೂ ಮನೆಯೂ ಒಂದೇ ಆಸ್ತಿ ಎಂದು, ಮನೆಯನ್ನು ಎಂದೂ ಎತ್ತಿಸುವುದಿಲ್ಲ ಎಂದು, ಜಾಗದ ಯಜಮಾನ ಬ್ಯಾಂಕಿಗೆ ಬಂದು ಸಹಿ ಹಾಕಬೇಕು. ಮಂಜೂರಾದ ಸಾಲ ಆಗಸ್ಟ್ ಕೊನೆಯವರೆಗೆ ಮಾತ್ರ ಹಿಡಿದಿಡುತ್ತಾರೆ.

ಇಮ್ತಿಯಾಝನಿಗೆ ಅಕ್ಕ ಅಲ್ಲಿಂದಲೇ ಫೋನು ಮಾಡಿದಳು. ಅವನು ಸೌಜನ್ಯದವನು. ಉಳಿದ ಹಣಕ್ಕೆ ಆಗಸ್ಟ್ ಮುಗಿಯುವವರೆಗೆ ಹೇಗಾದರೂ ಕಾಯುತ್ತೇನೆ ಅಕ್ಕ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದನಂತೆ. ಹೆಬ್ರಿಯಲ್ಲಿ ಹೋಂಸ್ಟೇ ಮಾಡುವವರೊಬ್ಬರು ಇದೇ ಅಳತೆಯದ್ದು ಕೇಳುತ್ತಿದ್ದಾರಂತೆ. ಕ್ರೇನು ಬಂದರೆ ಮತ್ತೆ ಅದೇ ಕೊಕ್ಕೆ, ಅದೇ ಸರಪಳಿ.

ಜೆನಿಫರ್ ಹೋಗುವಾಗ ನನ್ನನ್ನು ನೋಡಿ, “ಸರ್, ಜಾಗ ನಿಮ್ಮದಲ್ವಾ?” ಎಂದಳು.

ಹೌದು ಎಂದೆ. ಯೋಚಿಸುತ್ತೇನೆ ಎಂದೂ ಹೇಳಿದೆ. ಅಕ್ಕ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಜುಲೈ 16, ಬುಧವಾರ

ಒಂದು ಕವನ ಸಂಕಲನದ ಪುಟಗಳು. ಕವಿಗೆ ಅಂಚು ಸಾಲದಂತೆ. ಇನ್ನೂ ಬಿಡಿ, ಇನ್ನೂ ಬಿಡಿ ಎನ್ನುತ್ತಾರೆ.

ಜುಲೈ 19, ಶನಿವಾರ

ಆಟಿ ಸುರುವಾಗಿದೆ. ಅಕ್ಕ ಕೆಸುವಿನ ಎಲೆಯ ಪತ್ರೊಡೆ ಮಾಡಿದ್ದಳೆಂದು ಹೋದೆ. ಮೇಸ್ತ್ರಿ ಶೇಕಬ್ಬ ಬಂದಿದ್ದರು. ಈ ಸುತ್ತಿನ ಅರ್ಧಕ್ಕರ್ಧ ಮನೆಗಳ ಪಾಯ ಅವರದೇ. ಎಲ್ಲರೂ ಶೇಕಬ್ಬಾಕ ಎನ್ನುತ್ತಾರೆ. ಮನೆಯ ಸುತ್ತ ಎರಡು ಸಲ ನಡೆದು, ಮೊದಲು ಮಾಡು ಆಮೇಲೆ ಪಾಯ ಮಾಡಿದ ಗಿರಾಕಿ ತನಗೆ ಇದೇ ಮೊದಲು ಎಂದರು. ಜಾಕ್ ಕೊಟ್ಟು ಮನೆ ಎತ್ತಿ, ತೆಂಗಿನ ಮರದ ತುಂಡುಗಳ ಮೇಲೆ ನಿಲ್ಲಿಸಿ, ಕೆಳಗೆ ಅಗೆಯಬೇಕಂತೆ. ಮಳೆಯಿರುವುದರಿಂದ ತಿಂಗಳು ಹಿಡಿಯುತ್ತದೆ. ಇವತ್ತು ಸುರು ಮಾಡಿದರೆ ಆಗಸ್ಟಿಗೆ ಸರಿಯಾಗುತ್ತದೆ.

ಅಕ್ಕ ಆಗುವುದಿಲ್ಲ ಎಂದಳು. ಆಟಿಯಲ್ಲಿ ಪಾಯಕ್ಕೆ ಕಲ್ಲು ಇಡುವುದೇ? ಬೇಕಾದರೆ ಮನೆ ಹೋಗಲಿ.

ನಾನು ಅವಳಿಗೆ ಬಹಳ ಹೊತ್ತು ತಿಳಿಸಿ ಹೇಳಿದೆ. ಆಟಿ ಎಂಬುದು ಗದ್ದೆ ಕೆಲಸ ಮುಗಿದು ಕಣಜ ಖಾಲಿಯಾಗಿ ಕೈಯಲ್ಲಿ ಏನೂ ಇಲ್ಲದ ಕಾಲದ ನೆನಪು. ಕಾಂಕ್ರೀಟಿಗೂ ಅದಕ್ಕೂ ಸಂಬಂಧವಿಲ್ಲ. ಒಂದು ಹಳೆಯ ಅಭ್ಯಾಸಕ್ಕಾಗಿ ಇರುವ ಮನೆಯನ್ನು ಕಳೆದುಕೊಳ್ಳುವುದು ಬುದ್ಧಿವಂತಿಕೆಯಲ್ಲ. ಚೆನ್ನಾಗಿಯೇ ಹೇಳಿದೆ ಅನ್ನಿಸುತ್ತದೆ. ಶೇಕಬ್ಬಾಕ ಕೂಡ ತಲೆಯಾಡಿಸಿದರು.

ಅಕ್ಕ ಪತ್ರೊಡೆಗೆ ಇನ್ನೊಂದು ಚಮಚ ತುಪ್ಪ ಹಾಕಿ, “ಬ್ಯಾಂಕಿಗೆ ಯಾವಾಗ ಹೋಗ್ತಿ?” ಎಂದಳು.

ಮಳೆ ಬರುವ ಹಾಗಿದೆ ಎಂದು ಬೇಗ ಹೊರಟೆ.

ಜುಲೈ 24, ಗುರುವಾರ

ಆಟಿ ಅಮಾವಾಸ್ಯೆ. ಈ ದಿನ ಬೆಳಗಾಗುವ ಮುಂಚೆ ಹಾಳೆ ಮರದ ಕೆತ್ತೆ, ಅಂದರೆ ತೊಗಟೆ, ತಂದು ಕಷಾಯ ಮಾಡಿ ಖಾಲಿ ಹೊಟ್ಟೆಗೆ ಕುಡಿಯಬೇಕು. ಕತ್ತಿ ತಾಗಿಸಬಾರದು, ಕಲ್ಲಿನಿಂದ ಗುದ್ದಿ ತೆಗೆಯಬೇಕು. ಮಣಿಪಾಲದಲ್ಲಿ ನನಗೆ ಯಾರೂ ಕುಡಿಸುವವರಿಲ್ಲದೆ ವರ್ಷಗಳಾಗಿವೆ. ಅಕ್ಕ ನಿನ್ನೆಯೇ ಹೇಳಿದ್ದಳು, ಬಾರದಿದ್ದರೆ ಫ್ಲಾಸ್ಕಿನಲ್ಲಿ ಹಾಕಿ ಪ್ರೆಸ್ಸಿಗೆ ತರುತ್ತೇನೆ ಎಂದು. ಹೋದೆ.

ಕಹಿ ಎಂದರೆ ಕಿವಿಯವರೆಗೆ. ಬಾಯಿಗೆ ಬೆಲ್ಲದ ತುಂಡು ಕೊಟ್ಟು ಎದುರು ಕೂತಳು. ನರ್ಸಿನ ಹಾಗೆ ನಾನು ನುಂಗಿದ್ದನ್ನು ಖಚಿತಪಡಿಸಿಕೊಂಡ ಮೇಲೆ ಮಾತು ತೆಗೆದಳು.

“ನಿನ್ನೆ ಮಲಗಿ ಯೋಚಿಸಿದೆ. ಹಾಲುಕ್ಕಿಸಿ ಆಗಿದೆ. ನಾನು ಒಳಗೆ ಇದ್ದೇನೆ. ಹಾಗಾದರೆ ಮನೆ ಸುರು ಆಗಿ ಹೋಗಿದೆ ಅಲ್ವಾ? ಇನ್ನು ಶೇಕಬ್ಬಾಕ ಮಾಡುವುದು ಹೊಸ ಕೆಲಸ ಅಲ್ಲ, ರಿಪೇರಿ. ಮನೆಗೆ ಚಪ್ಪಲಿ ಹಾಕಿಸುವುದು. ಆಟಿಯಲ್ಲಿ ಚಪ್ಪಲಿ ಹಾಕಬಾರದು ಎಂದು ಎಲ್ಲಿಯೂ ಇಲ್ಲ.”

ನಾನು ನಕ್ಕೆ. ಅವಳೂ ನಕ್ಕಳು. ಆಮೇಲೆ ನಗುವುದನ್ನು ನಿಲ್ಲಿಸಿದಳು.

“ನಾನು ಆಟಿಯನ್ನು ಬಿಟ್ಟೆ. ನೀನು ಎಂತ ಬಿಡ್ತಿ?”

ಬೆಲ್ಲ ಬಾಯಲ್ಲಿದ್ದುದರಿಂದ ಉತ್ತರಿಸಬೇಕಾಗಲಿಲ್ಲ. ಕಹಿ ಮಧ್ಯಾಹ್ನದವರೆಗೂ ಇತ್ತು.

ಜುಲೈ 28, ಸೋಮವಾರ

ಮನೆಯನ್ನು ಎತ್ತಿದರು. ನಾಲ್ಕು ಕಡೆ ಜಾಕ್. ಶೇಕಬ್ಬಾಕ “ಹೂಂ” ಎಂದಾಗ ಎಲ್ಲರೂ ಒಟ್ಟಿಗೆ ಒಂದು ಸುತ್ತು. ಮತ್ತೆ “ಹೂಂ”. ನಡುವೆ ಸರಸರ ತೆಂಗಿನ ತುಂಡುಗಳನ್ನು ಅಡ್ಡ ಉದ್ದ ಪೇರಿಸುತ್ತಾ ಹೋದರು. ಎತ್ತುವಾಗ ಒಳಗೆ ಯಾರೂ ಇರಬಾರದೆಂದು ಅಕ್ಕನನ್ನು ಹೊರಗೆ ಕುರ್ಚಿಯಲ್ಲಿ ಕೂರಿಸಿದ್ದರು. ಕೊಡೆ ಹಿಡಿದು, ತೊಡೆಯ ಮೇಲೆ ದೀಪವನ್ನೂ ಎಣ್ಣೆಯ ಬಾಟಲಿಯನ್ನೂ ಇಟ್ಟುಕೊಂಡು ಕೂತಿದ್ದಳು. ಆಪರೇಷನ್ ಥಿಯೇಟರಿನ ಹೊರಗೆ ಕಾಯುವವರನ್ನು ಅವಳು ಜೀವನವಿಡೀ ನೋಡಿದ್ದಾಳೆ, ಅವರಂತೆಯೇ ಕಂಡಳು.

ಸಂಜೆ ತುಂಡುಗಳ ಮೇಲೆ ಮನೆ ಗಟ್ಟಿ ನಿಂತಿತು ಎಂದು ಶೇಕಬ್ಬಾಕ ಹೇಳಿದ ಮೇಲೆ ಏಣಿ ಹತ್ತಿ ದೀಪ ಹಚ್ಚಿದಳು. ವಿಲ್ಮಾಬಾಯಿಯ ಮನೆಯಲ್ಲಿ ಮಲಗು ಎಂದೆ. ದೀಪ ಹಚ್ಚಿ ಬೇರೆಯವರ ಮನೆಯಲ್ಲಿ ಮಲಗುವುದು ಎಂಥದ್ದು ಎಂದಳು. ಒಂದು ಆಳೆತ್ತರದಲ್ಲಿ, ಮರದ ತುಂಡುಗಳ ಮೇಲೆ, ಮಳೆಯಲ್ಲಿ, ಅವಳೊಬ್ಬಳು. ನಾನು ಹೊರಡಲು ಬೈಕಿನ ಹತ್ತಿರ ಹೋದೆ. ಟಯರಿನಲ್ಲಿ ಗಾಳಿ ಸ್ವಲ್ಪ ಕಡಿಮೆಯಿರುವಂತೆ ಕಂಡಿತು.

ಇದನ್ನು ಅವಳ ಅಡುಗೆಮನೆಯ ಮೇಜಿನಲ್ಲಿ ಕೂತು ಬರೆಯುತ್ತಿದ್ದೇನೆ. ಗಾಳಿ ಬಂದಾಗ ಮನೆ ಅಲುಗುತ್ತದೆಯೇ ಎಂದು ಲೋಟದ ನೀರನ್ನು ನೋಡುತ್ತಿದ್ದೇನೆ. ಅಲುಗುವುದಿಲ್ಲ.

ಜುಲೈ 30, ಬುಧವಾರ

ಪ್ರೆಸ್ಸಿನಿಂದ ಇಲ್ಲಿಗೇ ಬಂದೆ. ರೇಜರ್, ಹಲ್ಲುಜ್ಜುವ ಬ್ರಶ್ಶು, ಎರಡು ಅಂಗಿ ತಂದಿದ್ದೇನೆ. ಮನೆ ಕೆಳಗಿಳಿಯುವವರೆಗೆ ಮಾತ್ರ.

ಆಗಸ್ಟ್ 2, ಶನಿವಾರ

ಹೊಂಡಗಳಲ್ಲಿ ಏಳಕ್ಕೆ ಗಟ್ಟಿ ನೆಲ ಸಿಕ್ಕಿದೆ. ಹಾರೆ ತಾಗಿದರೆ ಕಿಡಿ ಬರುವಂಥ ಮುರಕಲ್ಲು. ಎಂಟನೆಯದು, ಅಡುಗೆಮನೆಯ ಹಿಂದಿನ ಮೂಲೆಯದ್ದು, ಸಿಗುತ್ತಿಲ್ಲ. ಅಗೆದಷ್ಟೂ ಕಪ್ಪು ಮೆತ್ತಗಿನ ಮಣ್ಣು. ಶೇಕಬ್ಬಾಕ ಅದನ್ನು ಅಂಗೈಯಲ್ಲಿ ತಿಕ್ಕಿ, ಮೂಸಿ, ನನ್ನತ್ತ ಹಿಡಿದರು. ಮಣ್ಣಿನ ವಾಸನೆಯಲ್ಲ.

ಅಕ್ಕ ಮೇಲಿನಿಂದ, ಬಾಗಿಲಲ್ಲಿ ಕೂತು ಕಾಲು ಇಳಿಬಿಟ್ಟು ನೋಡುತ್ತಿದ್ದಳು.

“ಅಲ್ಲಿ ಅಮ್ಮ ಬೂದಿ ಹಾಕ್ತಿದ್ದಳಲ್ಲ. ನೆನಪಿಲ್ವಾ ನಿನಗೆ?”

ನೆನಪಿರಲಿಲ್ಲ. ಅವಳು ಹೇಳಿದ ಮೇಲೆ ಬಂತು. ಹಳೆಯ ಮನೆಯ ಒಲೆಯಿಂದ ಅಮ್ಮ ದಿನಾ ಬೆಳಿಗ್ಗೆ ಬುಟ್ಟಿಯಲ್ಲಿ ಬೂದಿ ತಂದು ಈ ಗುಂಡಿಗೆ ಸುರಿಯುತ್ತಿದ್ದಳು. ಒಮ್ಮೊಮ್ಮೆ ಒಳಗೆ ಕೆಂಡ ಉಳಿದು ಹೊಗೆಯಾಡುತ್ತಿತ್ತು. ಅದರಲ್ಲಿ ಅಕ್ಕ ಹಲಸಿನ ಬೀಜ ಸುಟ್ಟು ಕೊಡುತ್ತಿದ್ದಳು.

ಇಷ್ಟು ವರ್ಷ ಖಾಲಿ ಎಂದುಕೊಂಡು ನೋಡುತ್ತಿದ್ದೆ.

ಆಗಸ್ಟ್ 4, ಸೋಮವಾರ

ಪ್ರೆಸ್ಸಿಗೆ ರಜೆ. ಎಂಟನೆಯ ಹೊಂಡಕ್ಕೆ ನೀರು ತುಂಬುತ್ತಿದೆ, ಪಂಪು ಸಾಲುತ್ತಿಲ್ಲ, ಇಬ್ಬರು ಆಳುಗಳು ಬಂದಿಲ್ಲ. ಬಕೆಟು ಎಳೆಯಲು ಒಬ್ಬರು ಬೇಕಿತ್ತು. ರಜೆಗೆ ಕಾರಣ ಕೇಳಿದಾಗ ಮನೆ ಕೆಲಸ ಎಂದೆ. ಅದಕ್ಕಿಂತ ಚಿಕ್ಕದಾಗಿ ಹೇಳಲು ಬೇರೇನೂ ಹೊಳೆಯಲಿಲ್ಲ.

ಜೆನಿಫರ್ ಬಂದು ನೋಡಿ ಹೋದಳು. ಗಟ್ಟಿ ಸಿಗುವವರೆಗೆ ಇಳಿಯಲೇಬೇಕು, ಈ ಮೂಲೆಯೊಂದು ಕೂತರೆ ಮನೆಯಿಡೀ ವಾರೆಯಾಗುತ್ತದೆ ಎಂದಳು. ಮನೆಯನ್ನು ಎರಡಡಿ ಈಚೆ ತಂದರೆ ಹೇಗೆ ಎಂದು ಕೇಳಿದೆ. ಹಾಗೆ ಮಾಡಿದರೆ ಉಳಿದ ಏಳು ಹೊಂಡವನ್ನೂ ಮತ್ತೆ ತೋಡಬೇಕಂತೆ, ಅಷ್ಟು ದಿನವಿಲ್ಲ.

ಕೆಸರು ತಲೆಗೂದಲಿನಲ್ಲಿ ಕೂಡ. ಅಕ್ಕ ಏಣಿಯ ಬುಡದಲ್ಲಿ ನಿಲ್ಲಿಸಿ ಬಕೆಟಿನಿಂದ ನೀರು ಹೊಯ್ದಳು, ಕಿವಿಯ ಹಿಂದೆ ತಿಕ್ಕಿದಳು. ಐವತ್ತನಾಲ್ಕು ವರ್ಷದವನ ಕಿವಿ. ಶೇಕಬ್ಬಾಕ ಬೀಡಿ ಸೇದುತ್ತಾ ಬೇರೆ ಕಡೆಗೆ ನೋಡಿದರು.

ಆಗಸ್ಟ್ 6, ಬುಧವಾರ

ಗಟ್ಟಿ ಸಿಕ್ಕಿತು.

ನನ್ನಂಥ ಎರಡಾಳು ಆಳದಲ್ಲಿ. ಹಾರೆಯ ಸದ್ದು ಬದಲಾದದ್ದು ಅಡುಗೆಮನೆಯೊಳಗಿದ್ದ ಅಕ್ಕನಿಗೂ ಕೇಳಿಸಿತು. ಮೇಲಿನಿಂದ “ಸಿಕ್ಕಿತಾ?” ಎಂದು ಕೇಳಿದಳು. ಮಳೆಗಾಲದ ನಿಷೇಧ ಮುಗಿದು ಬೋಟುಗಳು ಮತ್ತೆ ಕಡಲಿಗೆ ಇಳಿದಿವೆ. ಮಲ್ಪೆಯ ಬಂಗುಡೆ ಮೀನು ತರಿಸಿ ಎಲ್ಲರಿಗೂ ಊಟ ಹಾಕಿದಳು. ಆಟಿಯಲ್ಲಿ ಇಷ್ಟು ದೊಡ್ಡ ರಿಪೇರಿ ಊಟ ತಾನು ಉಂಡಿಲ್ಲ ಎಂದರು ಶೇಕಬ್ಬಾಕ.

ಆಗಸ್ಟ್ 8, ಶುಕ್ರವಾರ

ಟಾರ್ಪಾಲಿನ ಕೆಳಗೆ ಕಾಂಕ್ರೀಟ್. ಬೋಲ್ಟುಗಳು ಹಸಿ ಕಾಂಕ್ರೀಟಿನಲ್ಲಿ ನೆಟ್ಟಗೆ ನಿಲ್ಲಬೇಕು. ಒಂದು ಎಳೆ ಆಚೀಚೆಯಾದರೆ ಮೇಲಿನ ಚೌಕಟ್ಟಿನ ತೂತಿಗೆ ಹೊಂದುವುದಿಲ್ಲ. ಇಮ್ತಿಯಾಝ್ ತಗಡಿನ ಅಚ್ಚು ತಂದಿದ್ದ. ನಾನು ಮಲಗಿ ಒಂದು ಕಣ್ಣು ಮುಚ್ಚಿ ಸಾಲು ನೋಡಿದೆ. ಮೂರನೆಯದು ಎಡಕ್ಕೆ ಒಂದು ಕೂದಲಷ್ಟು ವಾಲಿದೆ ಎಂದೆ. ಯಾರೂ ನಂಬಲಿಲ್ಲ. ದಾರ ಹಿಡಿದು ನೋಡಿದರು. ವಾಲಿತ್ತು.

“ಲೀಲಾಧರಣ್ಣ, ಇದು ಪುಸ್ತಕ ಅಲ್ಲ, ಮನೆ,” ಎಂದ ಇಮ್ತಿಯಾಝ್, ಅಚ್ಚು ಸರಿಪಡಿಸುತ್ತಾ. “ಆದ್ರೂ ನೀವು ಬೈಲೂರಿಗೆ ಬಂದ್ರೆ ನಿಮಗೆ ಕೆಲಸ ಉಂಟು.”

ಸುಳ್ಳು ಹೇಳಬಾರದು, ಖುಷಿಯಾಯಿತು.

ಆಗಸ್ಟ್ 12, ಮಂಗಳವಾರ

ಕಾಂಕ್ರೀಟಿಗೆ ನೀರು ಹಾಕುವ ಅಗತ್ಯವಿಲ್ಲ, ಮಳೆ ಹಾಕುತ್ತಿದೆ. ಆದರೂ ಅಕ್ಕ ಬೆಳಿಗ್ಗೆ ಸಂಜೆ ಚೊಂಬಿನಲ್ಲಿ ಹಾಕುತ್ತಾಳೆ. ನಾನು ಟೇಬಲ್ ಲ್ಯಾಂಪ್ ತಂದೆ. ಇಲ್ಲಿಯ ಬೆಳಕಿನಲ್ಲಿ ಪ್ರೂಫು ನೋಡಲು ಕಷ್ಟ.

ಮಣಿಪಾಲದ ಫ್ಲ್ಯಾಟಿಗೆ ಹೋದಾಗ ಒಳಗೆ ಮುಗ್ಗು ವಾಸನೆ. ಕಿಟಕಿ ತೆರೆದು, ಲ್ಯಾಂಪು ತೆಗೆದುಕೊಂಡು, ಕಿಟಕಿ ಮುಚ್ಚಿ ಬಂದೆ.

ಆಗಸ್ಟ್ 14, ಗುರುವಾರ

ಅಕ್ಕನಿಗೆ ಜ್ವರ. ಅವಳೇ ತನ್ನ ನಾಡಿ ಹಿಡಿದು, ತಾನೇ ಮಾತ್ರೆ ಹೇಳಿ, ನನ್ನಿಂದ ತರಿಸಿಕೊಂಡಳು. ಸಂಜೆ ಏಳಲು ನೋಡಿದಳು. ದೀಪ ಎಂದಳು. ನಾನು ಹಚ್ಚುತ್ತೇನೆ ಎಂದೆ. ಬತ್ತಿಯನ್ನು ಎಷ್ಟು ಎಳೆಯಬೇಕೆಂದು ಮಲಗಿದಲ್ಲಿಂದಲೇ ಹೇಳಿಕೊಟ್ಟಳು.

“ನನಗೆ ಬ್ಯಾಂಕಿನ ಹೆದರಿಕೆ ಇಲ್ಲ,” ಎಂದಳು ದೀಪವನ್ನು ನೋಡುತ್ತಾ. “ಮನೆ ಹೆಬ್ರಿಗೆ ಹೋದ್ರೆ ಹೋಗ್ಲಿ. ಮಸ್ಕತ್ತಿನಲ್ಲಿ ಎಷ್ಟು ಕೋಣೆ ಬಿಟ್ಟಿದ್ದೇನೆ, ಲೆಕ್ಕ ಇಲ್ಲ. ಆದ್ರೆ ನೀನಾಗಿ ಎತ್ತಿಸಬೇಡ. ಅಷ್ಟೆ.”

ಜ್ವರದ ಮಾತು. ಹಣೆಗೆ ಒದ್ದೆ ಬಟ್ಟೆ ಹಾಕಿದೆ. ನಿದ್ದೆ ಹೋದಳು.

ಆಗಸ್ಟ್ 17, ಆದಿತ್ಯವಾರ

ಆಟಿ ಮುಗಿದು ಸೋಣ ತಿಂಗಳು. ಅಕ್ಕನಿಗೆ ಜ್ವರ ಬಿಟ್ಟಿದೆ. ಮನೆ ಇಳಿಯಿತು. “ಹೂಂ”, ಒಂದು ಸುತ್ತು, “ಹೂಂ”, ಇನ್ನೊಂದು. ನಾನು ಹೊಟ್ಟೆಯ ಮೇಲೆ ಮಲಗಿ ಬೋಲ್ಟುಗಳೂ ತೂತುಗಳೂ ಹತ್ತಿರವಾಗುವುದನ್ನು ನೋಡುತ್ತಿದ್ದೆ. ಮೂರನೆಯದು ಮೊದಲು ಹೊಕ್ಕಿತು. ಎಲ್ಲವೂ ಹೊಕ್ಕ ಮೇಲೆ ಇಮ್ತಿಯಾಝ್ ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟ. ಅಡುಗೆಮನೆಯ ಹಿಂದಿನ ಮೂಲೆಯದನ್ನು ನಾನು ಬಿಗಿದೆ. ಕೊನೆಯ ಸುತ್ತು ತಿರುಗಿಸಲು ಇಬ್ಬರ ಕೈಯೂ ಬೇಕಾಯಿತು.

ಆಗಸ್ಟ್ 21, ಗುರುವಾರ

ಬ್ಯಾಂಕಿಗೆ ಹೋಗಿ ಸಹಿ ಹಾಕಿ ಬಂದೆ. ಬಂಗುಡೆ ಸಿಗಲಿಲ್ಲ, ಬೂತಾಯಿ ತಂದೆ. ಕೆಂಪುಕಲ್ಲಿನ ಸುತ್ತುಗೋಡೆ ಎರಡು ವರಸೆ ಆಗಿದೆ. ಬೂತಾಯಿಗೆ ಹುಳಿ ಸ್ವಲ್ಪ ಹೆಚ್ಚಾಗಿತ್ತು; ಅಕ್ಕ ಊಟದ ನಡುವೆ ಎರಡು ಸಲ ಎದ್ದು ಹೋಗಿ ಮುಖ ತೊಳೆದು ಬಂದಳು. ಒಗ್ಗರಣೆಯ ಹೊಗೆ ಇರಬೇಕು, ಆ ಅಡುಗೆಮನೆಯ ಕಿಟಕಿ ಚಿಕ್ಕದು. ಇಮ್ತಿಯಾಝನಿಗೆ ಹೇಳಿ ಇನ್ನೊಂದು ಮಾಡಿಸಬೇಕು.

ಆಗಸ್ಟ್ 26, ಮಂಗಳವಾರ

ಜೆನಿಫರ್ ಕೊನೆಯ ಸಲ ನೋಡಲು ಬಂದಳು. ಕೊಡೆಯ ತುದಿಯಿಂದ ಸುತ್ತುಗೋಡೆಯನ್ನು ಕುಟ್ಟುತ್ತಾ ಮನೆಯ ಸುತ್ತ ನಡೆದಳು. ಕೊಡೆ ಎಲ್ಲಿಯೂ ಒಳಗೆ ಹೋಗಲಿಲ್ಲ. ಅಕ್ಕನ ಕಡೆ ತಿರುಗಿ, “ಆಯ್ತು ಆಂಟಿ, ಈಗ ಮನೆ,” ಎಂದಳು. ಫೋಟೋ ತೆಗೆದು ನಾಳಿನ ಚೌತಿಯ ರಜೆಗೆ ಮೊದಲೇ ಬ್ಯಾಂಕಿಗೆ ಕಳಿಸಿದರೆ ಹಣ ಇಮ್ತಿಯಾಝನಿಗೆ ಇದೇ ವಾರ ಹೋಗುತ್ತದಂತೆ.

ಕೊಕ್ಕೆಗಳು ಮಾತ್ರ ಉಳಿದಿದ್ದವು. ಇಮ್ತಿಯಾಝನ ವೆಲ್ಡರು ಮಾಡು ಹತ್ತಿ ಮೂರನ್ನು ಕತ್ತರಿಸಿ ಕೆಳಗೆ ಹಾಕಿದ. ಒಂದೊಂದೂ ಅಂಗೈಗಿಂತ ದೊಡ್ಡದು, ಬಿಸಿ ಆರುವವರೆಗೆ ಹುಲ್ಲಿನಲ್ಲಿ ಹೊಗೆಯಾಡಿತು. ನಾಲ್ಕನೆಯದಕ್ಕೆ ಬಂದಾಗ ಅಕ್ಕ ಬೇಡ ಎಂದಳು. ಆ ಕೊಕ್ಕೆಯಿಂದ ವಿಲ್ಮಾಬಾಯಿಯ ಬೇಲಿಯ ಕಂಬಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದಾಳೆ.

ನಿಯಮ ನಿಯಮವೇ ಎಂದಳು ಜೆನಿಫರ್. ನಾನೂ ಕತ್ತರಿಸಲಿ ಎಂದೆ, ಹಗ್ಗಕ್ಕೆ ಬೇರೆ ಕಂಬ ನೆಡಬಹುದು.

“ಅದೊಂದು ಇರಲಿ ಮಗಳೇ,” ಎಂದಳು ಅಕ್ಕ. “ನನ್ನ ತಮ್ಮನಿಗೆ ಯಾವಾಗ ಬೇಕಾದ್ರೂ ಹೊರಡ್ಲಿಕ್ಕೆ ಎಂತಾದ್ರೂ ಒಂದು ಇರಬೇಕು. ಇಲ್ಲದಿದ್ರೆ ಅವನಿಗೆ ನಿದ್ದೆ ಬರುವುದಿಲ್ಲ.”

ಜೆನಿಫರ್ ನನ್ನನ್ನು ನೋಡಿದಳು, ಕೊಕ್ಕೆಯನ್ನು ನೋಡಿದಳು. ಒಂದು ಕೊಕ್ಕೆಯಿಂದ ಈ ಮನೆಯನ್ನು ಎತ್ತಲು ಆಗುತ್ತದೆಯೇ ಎಂದು ಇಮ್ತಿಯಾಝನನ್ನು ಕೇಳಿದಳು.

“ಎಳೆದು ನೋಡಬಹುದು ಮೇಡಂ,” ಎಂದ ಅವನು. “ಕೊಕ್ಕೆ ಬರ್ತದೆ. ಮನೆ ಬರ್ಲಿಕ್ಕಿಲ್ಲ.”

ಹಾಗಾದರೆ ಅದು ಎತ್ತುವ ಕೊಕ್ಕೆಯಲ್ಲ, ಬಟ್ಟೆಯ ಕೊಕ್ಕೆ ಎಂದು ಬರೆದುಕೊಳ್ಳುತ್ತೇನೆ ಎಂದಳು ಜೆನಿಫರ್. ಫೋಟೋದಲ್ಲಿ ಬಟ್ಟೆ ಬರುತ್ತದೆ, ಸ್ವಲ್ಪ ತೆಗೆಯುತ್ತೀರಾ ಎಂದು ಕೇಳಿದಳು. ನಾನು ಹೋಗಿ ಹಗ್ಗದಲ್ಲಿದ್ದ ಅಂಗಿಗಳನ್ನು ಒಂದೊಂದಾಗಿ ತೆಗೆದು ತೋಳಿನ ಮೇಲೆ ಹಾಕಿಕೊಂಡೆ. ನೀಲಿ ಗೆರೆಯದ್ದು, ಪ್ರೆಸ್ಸಿಗೆ ಹಾಕುವ ಬಿಳಿಯದ್ದು, ಕಾಲರು ಹರಿದದ್ದು, ಬೂದಿಯ ಕಲೆ ಇನ್ನೂ ಹೋಗದ ಹಳದಿಯದ್ದು. ಎಲ್ಲ ನನ್ನವೇ. ಮಣಿಪಾಲದ ಕಪಾಟಿನಲ್ಲಿ ಇನ್ನು ಏನಿದೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ, ಸಿಗಲಿಲ್ಲ. ಶನಿವಾರ ಮಳೆ ಬಿಟ್ಟರೆ ಹೋಗಿ ನೋಡಬೇಕು.

ಫೋಟೋ ಆದ ಮೇಲೆ ಮತ್ತೆ ಹಾಕಿದೆ. ಇನ್ನೂ ಒಣಗಿರಲಿಲ್ಲ.